ದಸರೆಯಲ್ಲಿ ಒಂದು ದ್ವೀಪದ ಕೋಟೆ

ದೇವಸುಗೂರಿನ ಸೇತುವೆಯ ಮೇಲೆ ನಿಂತು ನೀವು ಕೃಷ್ಣೆಯ ಎರಡು ರೂಪಗಳನ್ನು ನೋಡಿರುತ್ತೀರಿ. ಬೇಸಿಗೆಯಲ್ಲಿ ಬಂಡೆಗಳ ಸಂದಿಯಲ್ಲಿ ಹರಿಯುವ ನೀರು. ಶ್ರಾವಣದಲ್ಲಿ ಆ ಬಂಡೆಗಳನ್ನೇ ಮುಳುಗಿಸುವ ಕೆಂಪು ಹೊಳೆ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಬನ್ನಿ.

ಜಂಜೀರಾದಂತಹ ಸಮುದ್ರದುರ್ಗಕ್ಕೆ ಸುತ್ತಲಿನ ನೀರು ವರ್ಷವಿಡೀ ಕಾವಲು. ಕಾವೇರಿಯ ಎರಡು ಕವಲುಗಳ ನಡುವೆ ಇರುವ ಶ್ರೀರಂಗಪಟ್ಟಣಕ್ಕೆ ಆ ಭಾಗ್ಯವಿರಲಿಲ್ಲ. ನಮ್ಮ ಲಿಂಗಸುಗೂರು ತಾಲ್ಲೂಕಿನ ಜಲದುರ್ಗದಂತೆ ಇದೂ ನದಿಯನ್ನು ನಂಬಿದ ಕೋಟೆ. ಮಳೆಗಾಲದಲ್ಲಿ ಕಂದಕ ತಾನಾಗಿ ತುಂಬುತ್ತದೆ, ಬೇಸಿಗೆಯಲ್ಲಿ ತಾನಾಗಿ ಬತ್ತುತ್ತದೆ.

ನಾನು ವಿಜ್ಞಾನ ಓದಿದವನು. ಯುದ್ಧದ ದಿನಾಂಕ ಕಂಡರೆ ಮೊದಲು ಮಳೆ ಯಾವಾಗ ಎಂದು ನೋಡುವುದು ನನ್ನ ಅಭ್ಯಾಸ. 1791ರಲ್ಲಿ ಕಾರ್ನ್‌ವಾಲಿಸ್ ಇಲ್ಲಿಗೆ ಬಂದದ್ದು ಮೇ ತಿಂಗಳ ನಡುವಿನಲ್ಲಿ. ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು. ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಆತ ಹಿಂದಿರುಗಿದ. ಬ್ರಿಟಿಷರು ಆ ಪಾಠವನ್ನು ಮರೆಯಲಿಲ್ಲ. 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಏಪ್ರಿಲ್ ಮೊದಲ ವಾರದಲ್ಲೇ ಬಂದು ಬೀಡುಬಿಟ್ಟಿತು. ಮೇ 4ರ ಮಧ್ಯಾಹ್ನ ಸಿಪಾಯಿಗಳು ಕಲ್ಲುಬಂಡೆಗಳ ನದಿಯನ್ನು ಕಾಲ್ನಡಿಗೆಯಲ್ಲೇ ದಾಟಿ, ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯನ್ನು ಏರಿದರು. ಆ ದಿನವೇ ಟಿಪ್ಪು ಸುಲ್ತಾನ್ ಮಡಿದ.

ಇನ್ನು ಉತ್ಸವದ ಮಾತು. 1610ರಲ್ಲಿ ರಾಜ ಒಡೆಯರು ಈ ಪಟ್ಟಣವನ್ನು ಗೆದ್ದು ಇಲ್ಲಿ ನವರಾತ್ರಿ ಉತ್ಸವ ಆರಂಭಿಸಿದರು. ಮಾದರಿ ವಿಜಯನಗರದ ಮಹಾನವಮಿ. ಆ ಮಹಾನವಮಿಯಲ್ಲಿ ನಡೆದ ಸೈನ್ಯದ ಪರಿವೀಕ್ಷಣೆಯನ್ನು ಪೋರ್ಚುಗೀಸ್ ಪ್ರವಾಸಿ ಪಾಯಸ್ ಕಂಡು ಬರೆದಿದ್ದಾನೆ. ಹಬ್ಬ ಆ ಕಾಲಕ್ಕೇ ಏಕೆ? ಆಶ್ವಯುಜದ ಹೊತ್ತಿಗೆ ಮಳೆ ಇಳಿಮುಖ, ದಾರಿಗಳು ಒಣಗುತ್ತವೆ, ಹೊಳೆ ದಾಟಬಹುದು. ದಂಡೆತ್ತಿ ಹೋಗುವ ಕಾಲ ಶುರು. ಬನ್ನಿ ಪೂಜೆ, ಆಯುಧಪೂಜೆಗಳಲ್ಲಿ ಅದರ ಗುರುತು ಉಳಿದಿದೆ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ರಾಯಚೂರಿನ ಬಳಿ ಆದಿಲ್‌ಶಾಹಿ ಸೈನ್ಯವನ್ನು ಸೋಲಿಸಿ ಕೃಷ್ಣೆಯತ್ತ ಅಟ್ಟಿದ್ದೂ ಮಳೆಗಾಲಕ್ಕೆ ಮೊದಲೇ ಎಂಬುದನ್ನು ಗಮನಿಸಿ.

1799ರ ನಂತರ ರಾಜಧಾನಿಯೊಡನೆ ದಸರೆಯೂ ಮೈಸೂರಿಗೆ ಹೋಯಿತು. ಈಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಸರ್ಕಾರದ ವತಿಯಿಂದ ಮತ್ತೆ ದಸರಾ ನಡೆಯುತ್ತಿದೆ. ಕಿರಂಗೂರಿನ ಬನ್ನಿಮಂಟಪದಿಂದ ಆನೆ ಹೊರಟು ರಂಗನಾಥಸ್ವಾಮಿ ದೇವಾಲಯದ ಬಳಿಯ ಮೈದಾನಕ್ಕೆ ಬರುತ್ತದೆ. ವೇದಿಕೆ, ಧ್ವನಿವರ್ಧಕ, ಕಡ್ಲೆಪುರಿ ಎಲ್ಲವೂ ಉಂಟು. ಕ್ಯಾಮೆರಾ ಹಿಡಿದವರಿಗೆ ಕಾಲಿಡಲು ಜಾಗವಿರುವುದಿಲ್ಲ!

ನೀವು ಹೋದರೆ ಜನಸಂದಣಿಯಿಂದ ಸ್ವಲ್ಪ ಹೊತ್ತು ಬಿಡಿಸಿಕೊಂಡು ಕೋಟೆಯ ಪಶ್ಚಿಮ ಮೂಲೆಗೆ ನಡೆಯಿರಿ. ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರ ಸ್ಮಾರಕ ಸ್ತಂಭವಿದೆ, ಕೆಳಗೆ ಹೊಳೆ. ಒಂದು ಎಚ್ಚರಿಕೆ: ಮೇಲ್ಗಡೆ ಕನ್ನಂಬಾಡಿ ಕಟ್ಟೆ ಎದ್ದಮೇಲೆ ಇಲ್ಲಿನ ನೀರು ಮಳೆಯ ಮಾತನ್ನಷ್ಟೇ ಕೇಳುವುದಿಲ್ಲ, ತೂಬಿನ ಮಾತನ್ನೂ ಕೇಳುತ್ತದೆ. ಅಂದು ಎಷ್ಟು ಬಂಡೆಗಳು ಕಾಣುತ್ತವೆ ಎಂದು ಬರೆದಿಟ್ಟುಕೊಳ್ಳಿ. ಮೇ ರಜೆಯಲ್ಲಿ ಇನ್ನೊಮ್ಮೆ ಬಂದು ಅದೇ ಜಾಗದಲ್ಲಿ ನಿಂತು ಎಣಿಸಿ.