ಪಾಲುಪತ್ರ, ಮರಣಶಾಸನ ಮತ್ತು ವಕೀಲಿ ವಿದ್ಯೆ: ಕುಂಸಿ ಸೀಮೆಯಿಂದ ಒಂದು ವಿಚಾರ

ಶಿವಮೊಗ್ಗ ತಾಲ್ಲೂಕಿನ ಕುಂಸಿ ಹೋಬಳಿಯ ಹಳೆಯ ಮನೆಗಳಲ್ಲಿ ಅಡಕೆಯ ಲೆಕ್ಕದ ಪುಸ್ತಕಗಳ ಜೊತೆಗೆ ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡು ಬಂದಿರುವ ಪಾರೀಖತ್ತುಗಳನ್ನು, ಎಂದರೆ ಪಾಲುಪತ್ರಗಳನ್ನು, ಬಿಚ್ಚಿ ನೋಡಿದವರಿಗೆ ಅವುಗಳ ಕೊನೆಯ ಭಾಗವೆಲ್ಲ ಬಹುಮಟ್ಟಿಗೆ ಒಂದೇ ಬಗೆಯಾಗಿರುವುದು ಕಂಡುಬರುತ್ತದೆ: ಪಾಲುದಾರರ ರುಜು, ಅದರ ಬದಿಗೆ ಸಾಕ್ಷಿಗಳ ರುಜು, ಎಲ್ಲಕ್ಕೂ ಕೆಳಗೆ ‘ಬಿಕ್ಕಲಂ’ ಎಂದು ಬರೆದು ಬರಹಗಾರನು ಹಾಕಿದ ತನ್ನ ಹೆಸರು. ಆ ಶಬ್ದವು ಪಾರಸಿಯಿಂದ ಬಂದುದು. ಕ್ರಮವಾದರೋ ಅದಕ್ಕಿಂತ ಬಹು ಪುರಾತನವಾದುದು. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಬರುವ ಲೇಖ್ಯಪ್ರಕರಣವು ಇದನ್ನೇ ವಿಧಿಸಿದೆ. ಬರೆಸಿದವನು ತನ್ನ ಮತ್ತು ತಂದೆಯ ಹೆಸರಿನೊಡನೆ ಮೇಲಣ ಸಂಗತಿ ತನಗೆ ಸಮ್ಮತವೆಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಂತಮ್ಮ ತಂದೆಯ ಹೆಸರು ಸಹಿತ ತಾವು ಸಾಕ್ಷಿಗಳೆಂದು ಬರೆಯಬೇಕು. ಕಡೆಗೆ ಲೇಖಕನು, ಉಭಯರ ಪ್ರಾರ್ಥನೆಯಿಂದ ಇದನ್ನು ಬರೆದವನು ತಾನೆಂದು ಹೇಳಿ ಮುಗಿಸಬೇಕು. ಕುಂಸಿಯ ಪಾರೀಖತ್ತನ್ನು ಬರೆದ ಶಾನುಭೋಗರು ಆ ಸ್ಮೃತಿಯನ್ನು ಓದಿದ್ದರೋ ಇಲ್ಲವೋ, ಆ ವಿಧಿಯನ್ನಂತೂ ತಮ್ಮ ಹಿರಿಯರ ಕೈಬರಹವನ್ನು ನೋಡಿ ನೋಡಿ ಕಲಿತಿದ್ದರು. ಆಸ್ತಿಯ ಉತ್ತರಾಧಿಕಾರವನ್ನು ಕುರಿತ ಲೇಖನವಿದ್ಯೆಯು ನಮ್ಮ ನಾಡಿನಲ್ಲಿ ಹೀಗೆ ಬರೆಯುವವರ ಬಳಿ ಕುಳಿತು ಕಲಿಯುವ ವಿದ್ಯೆಯಾಗಿಯೇ ಬೆಳೆದುಬಂದಿತು. ಅದರಿಂದ ಒದಗಿದ ಬಲವನ್ನೂ ಉಳಿದ ಕೊರತೆಯನ್ನೂ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನ ಗ್ರಂಥಗಳಲ್ಲಿ ‘ಲೇಖಪದ್ಧತಿ’ ಎಂಬುದೊಂದುಂಟು. ಗುಜರಾತಿನ ಕಡೆಯ ಬರಹಗಾರರ ಉಪಯೋಗಕ್ಕೆಂದು ನಾನಾ ವಿಧದ ಪತ್ರಗಳ ಮಾದರಿಗಳನ್ನು ಒಟ್ಟುಗೂಡಿಸಿದ ಆ ಗ್ರಂಥವು 1925ರಲ್ಲಿ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅಚ್ಚಾಯಿತು. ನಮ್ಮಲ್ಲಿಯೋ ಮಾದರಿಗಳು ಗ್ರಂಥವಾಗದೆ, ಹಳೆಯ ಪತ್ರವೇ ಹೊಸ ಪತ್ರಕ್ಕೆ ಗುರುವಾಗಿ ನಡೆಯಿತು. ಕಲ್ಲಿನ ದಾನಶಾಸನಗಳಲ್ಲಿಯೂ ಇದೇ ಕಟ್ಟು: ಭೂಮಿಯ ಸೀಮೆ, ಸಾಕ್ಷಿಗಳು, ಬರೆದವನ ಹೆಸರು, ಅಳುಪಿದವನಿಗೆ ಶಾಪ. ಬಿ. ಎಲ್. ರೈಸರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಯ ಇಂಥ ಶಾಸನಗಳನ್ನು ಯಾರಾದರೂ ಓದಬಹುದು. ಉಯಿಲಿಗೆ ಕನ್ನಡಿಗರು ‘ಮರಣಶಾಸನ’ವೆಂಬ ಹೆಸರನ್ನಿಟ್ಟುದು ಅತ್ಯಂತ ಉಚಿತವೆಂದು ನನಗೆ ತೋರುತ್ತದೆ, ಗತಿಸಿದವನ ಮಾತು ಬದುಕಿರುವವರ ಮೇಲೆ ಆಜ್ಞೆಯಾಗಿ ನಿಲ್ಲುವುದಾದರೆ ಅದು ಶಾಸನವಲ್ಲದೆ ಮತ್ತೇನು?

ಆದರೂ ಈ ಮರಣಶಾಸನವು ನಮ್ಮಲ್ಲಿ ತಡವಾಗಿಯೇ ಬೇರೂರಿತು. ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟು. ಇಂತಿರಲು ತಂದೆಯು ತನ್ನ ಮರಣಾನಂತರ ಇಂಥವರಿಗೆ ಇಷ್ಟೆಂದು ಬರೆದಿಡುವುದಕ್ಕೆ ಅವಕಾಶವೇ ಕಡಿಮೆ. ಹಳೆಯ ಬರಹಗಾರರ ಕೌಶಲವೆಲ್ಲ ಪಾಲು, ದತ್ತು, ದಾನ, ಜೀವನಾಂಶಗಳ ಪತ್ರಗಳಲ್ಲಿ ವ್ಯಕ್ತವಾದುದಕ್ಕೆ ಕಾರಣವಿದು. ಆ ಮಿತಾಕ್ಷರೆಯ ದಾಯಭಾಗವನ್ನು 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದರು. ಹಿಂದೂ ಕಾನೂನನ್ನು ಕುರಿತು 1878ರಲ್ಲಿ ಮೇನ್ ಅವರ ಗ್ರಂಥವೂ 1912ರಲ್ಲಿ ಮುಲ್ಲಾ ಅವರ ಗ್ರಂಥವೂ ಹೊರಬಂದುವು. ಕನ್ನಡ ನಾಡಿನಲ್ಲಿ ಹುಟ್ಟಿದ ಧರ್ಮಗ್ರಂಥವನ್ನು ಶಿವಮೊಗ್ಗೆಯ ವಕೀಲನು ಹೊರನಾಡಿನ ಇಂಗ್ಲಿಷ್ ಪುಸ್ತಕಗಳ ಮೂಲಕ ಕಲಿತು, ಮತ್ತೆ ಕನ್ನಡದಲ್ಲಿ ಕಕ್ಷಿಗಾರನಿಗೆ ತಿಳಿಹೇಳಬೇಕಾದ ಪರಿಸ್ಥಿತಿ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟು ಸ್ಥಾಪನೆಯಾಗಿ 1930ರಲ್ಲಿ ಹೈಕೋರ್ಟೆಂದು ಹೆಸರಾಯಿತು; ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ತೆರೆದುದು 1948ರಲ್ಲಿ. ಪದವಿ ಎಲ್ಲಿಯದಾದರೂ ಪತ್ರ ಬರೆಯುವ ವಿದ್ಯೆ ಹಿರಿಯ ವಕೀಲರ ಮನೆಯ ಮುಂಗೋಣೆಯಲ್ಲಿಯೇ ಲಭಿಸಬೇಕಾಗಿತ್ತು. ಕಿರಿಯನು ಹಿರಿಯರ ಕರಡನ್ನು ನಕಲು ಮಾಡುವನು. ಸರ್ವೆ ನಂಬರು, ಹಿಸ್ಸೆ, ಚಕ್ಕುಬಂದಿಗಳನ್ನು ಹಳೆಯ ಪತ್ರದೊಡನೆ ತಾಳೆ ನೋಡುವನು. ಬಂದ ಮುದುಕನಿಗೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವನು. ಆ ಓದಿ ಹೇಳುವ ಕೆಲಸವು ಅತಿ ಸಾಮಾನ್ಯವೆಂದು ತೋರಿದರೂ, ಮುಂದೆ ಅದರ ಮೇಲೆಯೇ ಒಂದು ಮಹತ್ತ್ವದ ತೀರ್ಪು ನಿಂತಿತು.

ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ. ಎನ್. ತಿಮ್ಮಾಜಮ್ಮ ಎಂಬ ಆ ಮೊಕದ್ದಮೆ ಮೈಸೂರಿನದು. ತೀರ್ಪು ಸುಪ್ರೀಂ ಕೋರ್ಟಿನದು, 1958ರ ನವೆಂಬರಿನದು. ಬರೆದವರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು. ಉಯಿಲನ್ನು ನ್ಯಾಯಾಲಯದ ಮುಂದೆ ಎತ್ತಿಹಿಡಿದವರೇ ಅದನ್ನು ಬರೆಸುವುದರಲ್ಲಿಯೂ ಪ್ರಧಾನ ಪಾತ್ರ ವಹಿಸಿದ್ದರು. ಬರೆಸಿದ ವೃದ್ಧೆಯು ಅದರೊಳಗಿನ ಸಂಗತಿಯನ್ನು ತಿಳಿದು ಒಪ್ಪಿ ರುಜು ಮಾಡಿದಳೇ ಎಂಬ ಪ್ರಶ್ನೆಗೆ ಮನಸ್ಸಿಗೆ ಸಮಾಧಾನವಾಗುವ ಉತ್ತರ ದೊರಕಲಿಲ್ಲ, ಉಯಿಲು ಬಿದ್ದುಹೋಯಿತು. ಉಯಿಲಿನ ಸುತ್ತ ಸಂಶಯಾಸ್ಪದ ಸಂದರ್ಭಗಳಿದ್ದರೆ ಅವನ್ನೆಲ್ಲ ನಿವಾರಿಸುವ ಹೊಣೆ ಅದನ್ನು ಎತ್ತಿಹಿಡಿದವರ ಮೇಲೆಯೇ ಇರುತ್ತದೆಂಬ ಆ ತೀರ್ಪಿನ ತತ್ತ್ವವನ್ನು ಭಾರತದ ನ್ಯಾಯಾಲಯಗಳು ಈಗಲೂ ಅನುಸರಿಸುತ್ತಿವೆ. ಉಯಿಲಿನ ಲೇಖನವನ್ನು ಕಲಿಯುವ ತರುಣನಿಗೆ ಇದಕ್ಕಿಂತ ಉತ್ತಮವಾದ ಪಾಠ ಮತ್ತೊಂದಿಲ್ಲ. ‘ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ’ ಎಂಬ ವಾಡಿಕೆಯ ವಾಕ್ಯವನ್ನು ಬರೆದ ಮಾತ್ರಕ್ಕೆ ಚಿತ್ತಸ್ವಾಸ್ಥ್ಯ ಸಿದ್ಧವಾಗುವುದಿಲ್ಲ. ಫಲ ಪಡೆಯುವ ಮಗನನ್ನು ಕೊಠಡಿಯ ಹೊರಗೆ ಕೂರಿಸಬೇಕು. ಒಬ್ಬ ಮಗಳನ್ನು ಬಿಟ್ಟಿದ್ದರೆ ಏಕೆ ಬಿಟ್ಟುದೆಂಬುದನ್ನು ಬರೆಸಿದವರ ಮಾತಿನಲ್ಲಿಯೇ ಬರೆಯಬೇಕು. ಸಾಕ್ಷಿಗಳು ಬರೆಸಿದವರಿಗಿಂತ ಕಿರಿಯರಾಗಿ, ಊರಿನಲ್ಲಿ ನೆಲೆಯಾಗಿರುವವರಾಗಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಪ್ರಕರಣದಂತೆ ಇಬ್ಬರಾದರೂ ಸಾಕ್ಷಿಗಳು ಬೇಕು, ಅವರು ಬರೆಸಿದವರ ಎದುರಿನಲ್ಲಿಯೇ ರುಜು ಮಾಡಬೇಕು. ಬಿಕ್ಕಲಂ ಹಾಕಿದವನ ರುಜು ಅಷ್ಟರಿಂದಲೇ ಸಾಕ್ಷಿಯ ರುಜುವಾಗದು. ಹಳೆಯ ಪದ್ಧತಿಯನ್ನು ನಂಬಿ ಒಬ್ಬ ಸಾಕ್ಷಿಯನ್ನೂ ಒಬ್ಬ ಬರಹಗಾರನನ್ನೂ ಇಟ್ಟುಕೊಂಡು ಬರೆಸಿದ ಉಯಿಲುಗಳು ಈ ಒಂದು ದೋಷದಿಂದಲೇ ನಿಷ್ಫಲವಾಗುತ್ತವೆ.

ನಕಲಿನಿಂದ ಕಲಿತ ವಿದ್ಯೆಗೆ ದೊಡ್ಡ ಆಪತ್ತು ಬಂದುದು ಕಾನೂನು ಬದಲಾದಾಗ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ವಿಭಾಗಕಾಲದಲ್ಲಿ ವಿಧವೆಯರಿಗೂ ತಾಯಂದಿರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲನ್ನು ಒದಗಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಹಕ್ಕಿನ ಕಾಯಿದೆ ಬಂದುದು 1937ರಲ್ಲಿ. ನಮ್ಮ ನಾಡು ಹೆಮ್ಮೆಪಡತಕ್ಕ ಸಂಗತಿಯಿದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೆಯ ಪ್ರಕರಣವು ಅವಿಭಕ್ತ ಕುಟುಂಬದವನಿಗೂ ತನ್ನ ಪಾಲಿನ ಮಟ್ಟಿಗೆ ಉಯಿಲು ಬರೆಯುವ ಅಧಿಕಾರವನ್ನು ಕೊಟ್ಟಿತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಮಗಳನ್ನು ಮಗನಿಗೆ ಸಮಾನವಾಗಿ ಜನ್ಮತಃ ಪಾಲುದಾರಳನ್ನಾಗಿ ಮಾಡಿದುವು. 2020ರ ವಿನೀತಾ ಶರ್ಮಾ ಮೊಕದ್ದಮೆಯ ತೀರ್ಪು, 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸಾರಿತು. ಇಷ್ಟಾದರೂ ಪಾರೀಖತ್ತಿನ ಜೊತೆಗೆ ಲಗತ್ತಿಸುವ ವಂಶವೃಕ್ಷದಲ್ಲಿ ಗಂಡುಮಕ್ಕಳನ್ನು ಮಾತ್ರ ಬರೆಯುವ ಹಳೆಯ ಮಾದರಿ ಎಷ್ಟೋ ಕಡೆ ಹಾಗೆಯೇ ಉಳಿಯಿತು. ಸೊರಬಕ್ಕೋ ಸಾಗರಕ್ಕೋ ಮದುವೆಯಾಗಿ ಹೋದ ಅಕ್ಕನ ಹೆಸರು ಆ ಕಾಗದದಲ್ಲಿ ಇಲ್ಲದಿದ್ದುದೇ, ವರ್ಷಗಳ ಮೇಲೆ ತಮ್ಮಂದಿರ ಮೇಲೆ ಪಾಲಿನ ದಾವೆಯಾಗಿ ಶಿವಮೊಗ್ಗೆಯ ಕೋರ್ಟಿನ ಮೆಟ್ಟಿಲೇರುತ್ತದೆ.

ಕುಂಸಿಯ ನೆಲದಲ್ಲಿ ಈ ತೊಡಕು ಇನ್ನೂ ಹೆಚ್ಚು. ಏಕೆಂದರೆ ಇಲ್ಲಿ ಒಂದೇ ಕುಟುಂಬದ ಕೈಯಲ್ಲಿ ಮೂರು ನಾಲ್ಕು ಬಗೆಯ ಭೂಮಿಯಿರುವುದುಂಟು. ಪಿತ್ರಾರ್ಜಿತವಾದ ಅಡಕೆ ತೋಟ ಒಂದು. 1974ರ ಮಾರ್ಚಿ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ನಮೂನೆ 7ರ ಅರ್ಜಿ ಹಾಕಿ, ನಮೂನೆ 10ರ ಪ್ರಮಾಣಪತ್ರ ಪಡೆದ ಗದ್ದೆ ಮತ್ತೊಂದು. ಅದನ್ನು ಹದಿನೈದು ವರ್ಷ ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಕುಟುಂಬದೊಳಗೆ ಪಾಲು ಮಾಡಿಕೊಳ್ಳಬಹುದು. ವಾರಸುದಾರರಲ್ಲದವರಿಗೆ ಗೇಣಿಹಕ್ಕನ್ನು ಉಯಿಲಿನಿಂದ ಕೊಡುವುದು ಸಲ್ಲದೆಂದು ಸುಪ್ರೀಂ ಕೋರ್ಟು 1998ರಲ್ಲಿ ಜಮಖಂಡಿಯ ಸಂಗಪ್ಪ ಕಲ್ಯಾಣಪ್ಪ ಬಂಗಿ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಇನ್ನೊಂದು. ಅದರ ಪರಭಾರೆಯನ್ನು ನಿಷೇಧಿಸಿದ 1978ರ ಕಾಯಿದೆಯು ಕುಟುಂಬದ ಪಾಲನ್ನೂ ಮರಣಶಾಸನವನ್ನೂ ‘ವರ್ಗಾವಣೆ’ಯೆಂಬ ಶಬ್ದದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಎಂದರೆ ಒಂದು ಗದ್ದೆಯ ವಿಷಯದಲ್ಲಿ ಸಲ್ಲದ ಉಯಿಲು ಬದುವಿನ ಆಚೆಯ ಗದ್ದೆಯ ವಿಷಯದಲ್ಲಿ ಸಲ್ಲಬಹುದು. ಇವೆಲ್ಲಕ್ಕೂ ಮಿಗಿಲಾಗಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆಮಠ ಕಳೆದುಕೊಂಡು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ಬಂದು ನೆಲೆಸಿದ ಶರಾವತಿ ಮುಳುಗಡೆಯ ಸಂತ್ರಸ್ತರ ಭೂಮಿಯುಂಟು. ಅರಣ್ಯದ ಹೆಸರು ಕಳೆಯದೆ, ಪೂರ್ಣ ಹಕ್ಕು ದೊರೆಯದೆ ಹಲವು ಮನೆಗಳಲ್ಲಿ ಎರಡು ತಲೆಮಾರು ಕಳೆದಿವೆ. ಪಹಣಿಯಲ್ಲಿ ಹೆಸರಿಲ್ಲದ ಅಜ್ಜನು ಮೊಮ್ಮಗನಿಗೆ ಏನನ್ನು ಬರೆದುಕೊಡಬೇಕು? ಸ್ವಾಧೀನವನ್ನೇ, ಪುನರ್ವಸತಿಯ ಹಕ್ಕನ್ನೇ, ಕಟ್ಟಿದ ಮನೆಯನ್ನೇ? ಮುಂಬಯಿಯಲ್ಲಿ ಅಚ್ಚಾದ ಯಾವ ಮಾದರಿಪುಸ್ತಕವೂ ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ.

ಭದ್ರಾವತಿಯ ಸಂಗತಿ ಬೇರೆ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದಲೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದಲೂ ಬೆಳೆದ ಆ ಊರಿನಲ್ಲಿ ಆಸ್ತಿಯೆಂದರೆ ಭವಿಷ್ಯನಿಧಿ, ವಿಮೆ, ಬ್ಯಾಂಕಿನ ಠೇವಣಿ. ನಾಮಿನಿಯ ಹೆಸರು ಬರೆದುಬಿಟ್ಟರೆ ಹಣ ಅವನದೇ ಎಂಬ ಭ್ರಾಂತಿ ಅಲ್ಲಿ ಸರ್ವಸಾಧಾರಣ. ವಿಮೆಯ ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ಸಲ್ಲಿಸತಕ್ಕವನೇ ಹೊರತು ಒಡೆಯನಲ್ಲವೆಂದು 1983ರಲ್ಲಿ ಸರ್ಬತಿ ದೇವಿ ಮೊಕದ್ದಮೆಯಲ್ಲಿ ನಿರ್ಣಯವಾಗಿತ್ತು; 2015ರ ವಿಮಾ ತಿದ್ದುಪಡಿಯ ಮೇಲೆ ಹತ್ತಿರದ ಬಂಧುಗಳಾದ ನಾಮಿನಿಗಳ ಮಟ್ಟಿಗೆ ಆ ನಿಯಮ ಹಾಗೆಯೇ ಉಳಿದಿಲ್ಲ. ನಾನಾ ಮತಗಳವರು ಕೂಡಿ ಬಾಳುವ ಆ ಊರಿನಲ್ಲಿ ಕ್ರೈಸ್ತನ ಉಯಿಲು ಅವನ ವಿವಾಹದಿಂದ ರದ್ದಾಗುತ್ತದೆ, ಹಿಂದುವಿನದು ಆಗುವುದಿಲ್ಲ. ಮುಸಲ್ಮಾನನು ಸಾಮಾನ್ಯವಾಗಿ ಮೂರನೆಯ ಒಂದಂಶಕ್ಕೆ ಮಾತ್ರ ವಸೀಯತ್ ಬರೆಯಬಹುದು. ಒಂದೇ ಅಚ್ಚುನಮೂನೆಯನ್ನು ಎಲ್ಲರಿಗೂ ತುಂಬಿಕೊಡುವ ಬರಹಗಾರನಿಗೆ ಈ ಭೇದ ತಿಳಿಯುವುದೆಂತು?

ವಿಧಿಬದ್ಧ ಶಿಕ್ಷಣದ ಇತಿಹಾಸವು ನಕಲಿನಿಂದ ಕಲಿಯುವ ಈ ಪರಂಪರೆಯ ಮುಂದೆ ಬಹು ಚಿಕ್ಕದು. 1961ರ ವಕೀಲರ ಕಾಯಿದೆಯು ಪದವೀಧರನಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ವಿಧಿಸಿತ್ತು. 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ನಿಯಮಗಳ ಮೂಲಕ ಅದನ್ನು ಮರಳಿ ತಂದಿತಾದರೂ 1999ರಲ್ಲಿ ವಿ. ಸುಧೀರ್ ಮೊಕದ್ದಮೆಯಲ್ಲಿ ಆ ನಿಯಮಗಳು ಬಿದ್ದುಹೋದುವು. ಪತ್ರಲೇಖನವು ಕಾಲೇಜಿನ ಕಡ್ಡಾಯ ವಿಷಯಗಳಲ್ಲಿ ಸೇರಿದೆ, ನಿಜ. ಆದರೆ ಅದರ ಅಭ್ಯಾಸ ಬಹುಪಾಲು ಊಹೆಯ ವ್ಯಕ್ತಿಗಳ, ಊಹೆಯ ಸ್ವತ್ತಿನ ಮೇಲೆ ನಡೆಯುತ್ತದೆ. ಹಿರಿಯರ ಮುಂಗೋಣೆಯಲ್ಲಿ ಸಿಗುತ್ತಿದ್ದ ನೈಜ ಕಾಗದದ ಸ್ಪರ್ಶ ಕಾಲೇಜಿಗೆ ಬರಲಿಲ್ಲ. ಕಾಲೇಜಿನ ಹೊಸ ಕಾನೂನಿನ ಜ್ಞಾನ ಪತ್ರ ಬರಹಗಾರರ ಮೇಜಿಗೆ ಹೋಗಲಿಲ್ಲ. ಇವೆರಡನ್ನೂ ಒಂದೆಡೆಗೆ ತರುವುದೇ ಇಂದಿನ ಕಾರ್ಯವೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಅದು ಅಸಾಧ್ಯವಾದುದೇನೂ ಅಲ್ಲ. ಶಿವಮೊಗ್ಗೆಯಲ್ಲಿ ವಕೀಲರ ಸಂಘವಿದೆ, ರಾಷ್ಟ್ರೀಯ ಶಿಕ್ಷಣ ಸಮಿತಿಯು ನಡೆಸುವ ಕಾನೂನು ಕಾಲೇಜಿದೆ, ಜಿಲ್ಲಾ ನೋಂದಣಾಧಿಕಾರಿಗಳ ಕಛೇರಿಯಿದೆ. 1908ರ ನೋಂದಣಿ ಕಾಯಿದೆಯಂತೆ ಮೊಹರು ಮಾಡಿದ ಲಕೋಟೆಯಲ್ಲಿ ಉಯಿಲನ್ನು ಆ ಅಧಿಕಾರಿಗಳ ಬಳಿ ಠೇವಣಿಯಿಡಬಹುದೆಂಬ ಸಂಗತಿಯೇ ಹಳ್ಳಿಗಳಲ್ಲಿ ಹಲವರಿಗೆ ತಿಳಿಯದು. ಈ ಜಿಲ್ಲೆಯ ನ್ಯಾಯಾಲಯಗಳಲ್ಲಿ ಗೆದ್ದ ಉಯಿಲುಗಳನ್ನೂ ಬಿದ್ದ ಉಯಿಲುಗಳನ್ನೂ ಹೆಸರು ಮರೆಮಾಡಿ ಸಂಗ್ರಹಿಸಿ, ತೋಟಕ್ಕೊಂದು, ನಮೂನೆ 10ರ ಗದ್ದೆಗೊಂದು, ಮಂಜೂರಾದ ಭೂಮಿಗೊಂದು, ಮುಳುಗಡೆಯವರ ನೆಲಕ್ಕೊಂದು ಎಂಬಂತೆ ಕನ್ನಡದಲ್ಲಿ ಮಾದರಿಗಳನ್ನು ಸಿದ್ಧಪಡಿಸಿ, ಪ್ರತಿಯೊಂದರ ಕೆಳಗೂ ಹೀಗೇಕೆ ಬರೆದಿದೆಯೆಂಬ ವಿವರಣೆಯನ್ನು ಕೊಟ್ಟು, ತರುಣ ವಕೀಲರನ್ನೂ ಪರವಾನಗಿಯುಳ್ಳ ಪತ್ರ ಬರಹಗಾರರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಕಲಿಸಬೇಕೆಂದು ಆ ಸಂಸ್ಥೆಗಳ ಹಿರಿಯರಲ್ಲಿ ನನ್ನ ವಿನಂತಿ. ಕುಂಸಿಯ ಮನೆಗಳಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಪಾರೀಖತ್ತುಗಳು ಮಳೆಗಾಲದಿಂದ ಮಳೆಗಾಲಕ್ಕೆ ಶಿಥಿಲವಾಗುತ್ತಿವೆ. ಅವುಗಳ ನಕಲನ್ನು ತೆಗೆದಿಡುವ ಕೆಲಸದಿಂದಲೇ ಆರಂಭಿಸಬಹುದು.