ಸೋಮಾರಿತನವೆಂದು ಕರೆಸಿಕೊಂಡ ಕಾಯಿಲೆಯೊಂದರ ಇತಿಹಾಸ

ವೈದ್ಯಕೀಯ ಇತಿಹಾಸದ ಈ ಬರಹಗಳಿಗೆ ವಿಷಯವನ್ನು ನಾವು ಸಾಮಾನ್ಯವಾಗಿ ಸದಸ್ಯರ ಪ್ರಶ್ನೆಗಳಿಂದಲೇ ಆಯ್ದುಕೊಳ್ಳುತ್ತೇವೆ. ಈ ಸಲದ ಪ್ರಶ್ನೆಯನ್ನು ಕೇಳಿದವರು ದುಬೈಯ ಅಲ್ ಖುಸೈಸ್‌ನಲ್ಲಿ ನೆಲೆಸಿರುವ ಒಬ್ಬ ತಾಯಿ. ಪತಿಗೆ ಅಬುಧಾಬಿಯ ಮುಸಫ್ಫಾದಲ್ಲಿ ಕೆಲಸ. ವಾರದ ಕೊನೆಗೆ ಮಾತ್ರ ಮನೆಗೆ ಬರುತ್ತಾರೆ. ಶಾಲೆಯ ಬಸ್ಸು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಟ್ಟಡದ ಕೆಳಗೆ ನಿಲ್ಲುತ್ತದೆ. "ಡಾಕ್ಟ್ರೇ, ಮಗನನ್ನು ಬೆಳಿಗ್ಗೆ ಎಬ್ಬಿಸುವುದಕ್ಕೆ ಏನಾದರೂ ಔಷಧಿ ಉಂಟಾ?" ಎಂದು ಅವರು ನಮ್ಮ ಆರೋಗ್ಯ ಶಿಬಿರದಲ್ಲಿ ಕೇಳಿದಾಗ ನಾವು ನಕ್ಕು, "ರಾತ್ರಿ ಮೊಬೈಲ್ ಕಿತ್ತಿಟ್ಟುಕೊಳ್ಳಿ, ಅದೇ ಔಷಧಿ" ಎಂದುಬಿಟ್ಟೆವು. ಆ ಉತ್ತರ ತಪ್ಪಾಗಿತ್ತು. ತಪ್ಪೆಂದು ತಿಳಿಯಲು ನಮಗೆ ಏಳು ತಿಂಗಳು ಬೇಕಾಯಿತು. ಅದು ಹೇಗೆ ತಿಳಿಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಏಳಲಾರದವನನ್ನು ಕುಂಭಕರ್ಣನೆಂದು ಕರೆಯುವುದು ನಮ್ಮ ಮನೆಗಳ ವಾಡಿಕೆ. ಆದರೆ ಕತೆಯನ್ನು ಪೂರ್ತಿ ನೆನಪಿಸಿಕೊಂಡವರು ಕಡಿಮೆ. ಇಂದ್ರಾಸನವನ್ನು ಕೇಳಲು ಹೊರಟವನ ನಾಲಿಗೆಯ ಮೇಲೆ ಸರಸ್ವತಿ ಕುಳಿತು ನಿದ್ರಾಸನವೆಂದು ನುಡಿಸಿದಳೆಂಬುದು ನಾವು ಚಿಕ್ಕಂದಿನಲ್ಲಿ ಕೇಳಿದ ಕತೆ. ಅಂದರೆ ಆ ನಿದ್ದೆ ಅವನ ಸ್ವಭಾವದ ದೋಷವಲ್ಲ, ಅವನ ಮೇಲೆ ಹೊರಗಿನಿಂದ ಬಂದು ಬಿದ್ದದ್ದು. ಹೆಸರನ್ನು ಉಳಿಸಿಕೊಂಡ ನಾವು ಈ ಅರ್ಧವನ್ನು ಮರೆತಿದ್ದೇವೆ.

ಹೊತ್ತಿಗೆ ಸರಿಯಾಗಿ ಏಳಬೇಕೆಂಬ ಕಟ್ಟುಪಾಡಿಗೂ ತನ್ನದೇ ಆದ ಚರಿತ್ರೆಯಿದೆ. ನಮ್ಮ ನಾಡಿನಲ್ಲಿ ಕೋಳಿಯ ಕೂಗು, ದೇವಸ್ಥಾನದ ಗಂಟೆಗಳ ಜಾಗಕ್ಕೆ ಕೋಲಾರದ ಚಿನ್ನದ ಗಣಿ, ದಾವಣಗೆರೆಯ ಹತ್ತಿಗಿರಣಿ, ಬೆಂಗಳೂರಿನ ಬಿನ್ನಿ ಮಿಲ್ಲುಗಳ ಸೈರನ್ ಬಂದಿತು. ಈ ಕರಾವಳಿಯಲ್ಲಿ ಮುಂಜಾವಿನ ಆಜಾನ್ ದಿನವನ್ನು ತೆರೆಯುತ್ತಿತ್ತು. ರಂಜಾನ್ ತಿಂಗಳಿನಲ್ಲಿ ಡೋಲು ಬಾರಿಸುತ್ತ ಓಣಿ ಓಣಿ ಸುತ್ತಿ ಸಹರಿಯ ಊಟಕ್ಕೆ ಜನರನ್ನು ಎಬ್ಬಿಸುವವನನ್ನು ಅರಬ್ಬಿಯಲ್ಲಿ ಮುಸಹರಾತಿ ಎನ್ನುತ್ತಾರೆ. ಇವೆಲ್ಲವೂ ಊರನ್ನೇ ಒಟ್ಟಾಗಿ ಎಬ್ಬಿಸುವ ವ್ಯವಸ್ಥೆಗಳು. ಒಬ್ಬನೇ, ತನ್ನ ಕೋಣೆಯಲ್ಲಿ, ತನ್ನ ದಿಂಬಿನ ಬಳಿಯ ಯಂತ್ರದ ಸದ್ದಿಗೆ ಏಳಬೇಕು, ಏಳದಿದ್ದರೆ ಅದು ಅವನೊಬ್ಬನ ತಪ್ಪು ಎಂಬುದು ತೀರ ಇತ್ತೀಚಿನ ಏರ್ಪಾಡು.

ಹಗಲು ಹೊತ್ತಿನಲ್ಲಿ ತಡೆಯಲಾರದ ನಿದ್ದೆಗೆ ಬೀಳುವವರ ಬಗ್ಗೆ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಬರೆದಿದ್ದನು. ಇಂತಹವರಿಗೆ ಅವನು ಕಾಫಿಯನ್ನು ಶಿಫಾರಸು ಮಾಡುತ್ತಿದ್ದನು. (ಬಾಬಾ ಬುಡನ್ ಯೆಮನ್ನಿನ ಮೋಖಾದಿಂದ ಕಾಫಿ ಬೀಜಗಳನ್ನು ಚಿಕ್ಕಮಗಳೂರಿಗೆ ತಂದರೆಂದು ಐತಿಹ್ಯ ಹೇಳುವ ಶತಮಾನವೂ ಅದೇ.) 1877ರಲ್ಲಿ ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಒಬ್ಬ ರೋಗಿಯ ನಿದ್ದೆಯ ದಾಳಿಗಳನ್ನು ವಿವರಿಸಿದನು. ಮೂರು ವರ್ಷಗಳ ಬಳಿಕ, 1880ರಲ್ಲಿ, ಫ್ರಾನ್ಸಿನ ಜ್ಯಾಂ ಬಾಪ್ತಿಸ್ತ್ ಎದುವಾರ್ ಗೆಲಿನೋ ಈ ಕಾಯಿಲೆಗೆ ನಾರ್ಕೊಲೆಪ್ಸಿ ಎಂಬ ಹೆಸರನ್ನಿಟ್ಟನು. ಮರವಟ್ಟ ಸ್ಥಿತಿ ಮತ್ತು ಹಿಡಿತ ಎಂಬರ್ಥದ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿದ ಪದವದು.

ಗೆಲಿನೋ ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾದವನು, ಮೂರ್ಛೆರೋಗಕ್ಕೆ ತನ್ನ ಹೆಸರಿನ ಗುಳಿಗೆಗಳನ್ನು ಮಾರಿ ಹಣ ಕಂಡವನು. ಅವನ ಬಳಿ ಬಂದವನು ದ್ರಾಕ್ಷಾರಸದ ಪೀಪಾಯಿಗಳ ವ್ಯಾಪಾರಿ, ವಯಸ್ಸು 38. ದಿನಕ್ಕೆ ಇನ್ನೂರು ಬಾರಿಯವರೆಗೂ ನಿದ್ದೆ ಅವನನ್ನು ಹಿಡಿಯುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಜೋರಾಗಿ ನಕ್ಕರೆ ಅಥವಾ ವ್ಯಾಪಾರದಲ್ಲಿ ಲಾಭ ಬಂದು ಸಂತೋಷವಾದರೆ ಅವನ ಕಾಲುಗಳ ಬಲವೇ ಉಡುಗಿಹೋಗುತ್ತಿತ್ತು. ಗೆಲಿನೋ ಅವನನ್ನು ಸೋಮಾರಿಯೆಂದಾಗಲಿ, ಮೂರ್ಛೆರೋಗಿಯೆಂದಾಗಲಿ ಕರೆಯದೆ, ಇದು ಬೇರೆಯದೇ ಒಂದು ಕಾಯಿಲೆಯೆಂದು ಹೇಳಿದನು. ನಗುವಿನಿಂದ ಮೈ ಸಡಿಲಗೊಳ್ಳುವ ಆ ಲಕ್ಷಣಕ್ಕೆ ಕೆಟಪ್ಲೆಕ್ಸಿ ಎಂಬ ಪ್ರತ್ಯೇಕ ಹೆಸರು ಬಂದದ್ದು 1902ರಲ್ಲಿ.

ಇನ್ನು ನಮ್ಮ ತಪ್ಪು ತಿಳಿದ ಬಗೆ. ಆ ವರ್ಷದ ರಾಜ್ಯೋತ್ಸವದ ಸಂಜೆ ವೇದಿಕೆಯ ಮೇಲೆ ಹಾಸ್ಯ ಪ್ರಹಸನ ನಡೆಯುತ್ತಿತ್ತು. ಆ ಹುಡುಗ ನಮ್ಮ ಮುಂದಿನ ಸಾಲಿನ ಬದಿಯಲ್ಲಿ, ಕೈಯಲ್ಲಿ ಚಹದ ಲೋಟ ಹಿಡಿದು, ಗೆಳೆಯರ ಜೊತೆ ನಿಂತಿದ್ದ. ಸಭೆಯೆಲ್ಲ ಗೊಳ್ಳೆಂದು ನಕ್ಕಾಗ ಅವನೂ ನಕ್ಕ. ಮರುಕ್ಷಣ ಅವನ ದವಡೆ ಜೋತುಬಿತ್ತು, ಕತ್ತು ಬಾಗಿತು, ಲೋಟ ಕೈಜಾರಿತು, ಮೊಣಕಾಲು ಮಡಿಸಿ ಕುಸಿದು ಕುಳಿತ. ಪ್ರಜ್ಞೆ ತಪ್ಪಿರಲಿಲ್ಲ, ಕಣ್ಣು ನಮ್ಮನ್ನೇ ನೋಡುತ್ತಿತ್ತು. ಅರ್ಧ ನಿಮಿಷದಲ್ಲಿ ತಾನೇ ಎದ್ದು, ನಾಚಿಕೊಂಡು, ಚಹ ಚೆಲ್ಲಿದ ನೆಲವನ್ನು ಒರೆಸತೊಡಗಿದ. ಗೆಳೆಯರು, "ಇವ ಯಾವಾಗಲೂ ಹೀಗೆ ನಾಟಕ ಮಾಡ್ತಾನೆ ಅಂಕಲ್" ಎಂದರು. ಎಂ.ಬಿ.ಬಿ.ಎಸ್. ಓದುವಾಗ ಪುಸ್ತಕದಲ್ಲಿ ಎರಡು ಸಾಲು ಓದಿ ಮರೆತಿದ್ದುದು ಅಂದು ಕಣ್ಣೆದುರಿಗೆ ನಡೆಯಿತು.

ಮರುದಿನವೇ ಫೋನ್ ಮಾಡಿ ವಿವರವಾಗಿ ಕೇಳಿದೆವು. ಎರಡು ವರ್ಷಗಳಿಂದ ತರಗತಿಯಲ್ಲಿ ನಿದ್ದೆ. ರಾತ್ರಿ ನಾಲ್ಕೈದು ಸಲ ಎಚ್ಚರ. ಬೆಳಗಿನ ಜಾವ ಕಣ್ಣು ತೆರೆದರೂ ಕೈಕಾಲು ಅಲ್ಲಾಡುವುದಿಲ್ಲ, ಕೋಣೆಯಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಎದೆಯ ಮೇಲೆ ಕುಳಿತು ಅಲುಗಾಡಗೊಡದ ಇದನ್ನು ಅರಬ್ಬರು ಜಾಥೂಮ್ ಎನ್ನುತ್ತಾರೆ. ಊರಿನ ಅಜ್ಜಿ ಅದಕ್ಕೆ ತಾಯಿತ ಕಟ್ಟಿಸಿ ಕಳುಹಿಸಿದ್ದರು. ಶಾಲೆಯಿಂದ ಬಂದ ಪತ್ರಗಳಲ್ಲಿ ನಿರಾಸಕ್ತಿ, ಅಶಿಸ್ತು ಎಂಬ ಎರಡೇ ಪದಗಳು. ತಂದೆ ಒಮ್ಮೆ ಮುಖಕ್ಕೆ ತಣ್ಣೀರು ಸುರಿದಿದ್ದರಂತೆ. ಅದನ್ನು ಹೇಳುವಾಗ ಅವರ ದನಿ ಬದಲಾಯಿತು.

ತಂದೆಯನ್ನಾಗಲಿ ಶಿಕ್ಷಕರನ್ನಾಗಲಿ ನಾವು ದೂರಲಾರೆವು. ವೈದ್ಯಶಾಸ್ತ್ರವೇ ದೀರ್ಘಕಾಲ ಅವರ ಹಾದಿಯಲ್ಲಿಯೇ ನಡೆದಿತ್ತು. 1917ರ ಸುಮಾರಿಗೆ ವಿಯೆನ್ನಾದಲ್ಲಿ ಮೆದುಳಿನ ಉರಿಯೂತದ ಸಾಂಕ್ರಾಮಿಕವನ್ನು ಅಧ್ಯಯನ ಮಾಡಿದ ವಾನ್ ಇಕನೊಮೊ, ಎಚ್ಚರವನ್ನು ಕಾಯುವ ಕೇಂದ್ರವು ಹೈಪೊಥಲಾಮಸ್ ಎಂಬ ಭಾಗದ ಹಿಂಬದಿಯಲ್ಲಿರಬೇಕೆಂದು ಸರಿಯಾಗಿಯೇ ಊಹಿಸಿದ್ದನು. ಆದರೂ ಮುಂದಿನ ದಶಕಗಳಲ್ಲಿ, ಇದು ಬದುಕಿನ ಹೊಣೆಯಿಂದ ತಪ್ಪಿಸಿಕೊಳ್ಳಲು ಮನಸ್ಸು ಹೂಡುವ ಆಟವೆಂದು ವಾದಿಸಿದ ಮನೋವೈದ್ಯರಿದ್ದರು. ಸೋಮಾರಿ ಎಂಬ ಮಾತಿಗೆ ಅವರು ಪದವಿಯ ಅಂಗಿ ತೊಡಿಸಿದರು, ಅಷ್ಟೆ. 1935ರಲ್ಲಿ ಆಂಫೆಟಮಿನ್ ಬಳಕೆಗೆ ಬಂದಿತು. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಕನಸಿನ ನಿದ್ದೆಯನ್ನು ಗುರುತಿಸಿದರು. ಆರೋಗ್ಯವಂತರಿಗೆ ಅದು ಮಲಗಿದ ಒಂದೂವರೆ ಗಂಟೆಯ ನಂತರ ಬರುವುದು, ಈ ರೋಗಿಗಳಿಗೆ ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಬಂದುಬಿಡುವುದೆಂದು 1960ರಲ್ಲಿ ಗೊತ್ತಾಯಿತು.

ಗುಟ್ಟನ್ನು ಒಡೆದವುಗಳು ನಾಯಿಗಳು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿಲಿಯಂ ಡಿಮೆಂಟ್ ಮತ್ತು ಸಂಗಡಿಗರು 1970ರ ದಶಕದಿಂದ ಸಾಕಿದ ಡಾಬರ್‌ಮನ್ ನಾಯಿಗಳು ಇಷ್ಟದ ತಿನಿಸನ್ನು ಕಂಡ ಸಂತೋಷಕ್ಕೇ ಕುಸಿದು ಬೀಳುತ್ತಿದ್ದವು. 1998ರಲ್ಲಿ ಎರಡು ತಂಡಗಳು ಒಂದೇ ರಾಸಾಯನಿಕವನ್ನು ಬೇರೆ ಬೇರೆಯಾಗಿ ಕಂಡುಹಿಡಿದು ಹೈಪೊಕ್ರೆಟಿನ್, ಒರೆಕ್ಸಿನ್ ಎಂದು ಎರಡು ಹೆಸರನ್ನಿಟ್ಟವು. ಮರುವರ್ಷ ಆ ನಾಯಿಗಳಲ್ಲಿ ಕೆಟ್ಟಿರುವುದು ಇದರ ಗ್ರಾಹಕವೆಂದು ಇಮಾನ್ಯುಯೆಲ್ ಮಿನ್ಯೊ ತೋರಿಸಿದರು; ಇದಿಲ್ಲದ ಇಲಿಗಳಿಗೆ ಅದೇ ಕಾಯಿಲೆ ಬರುವುದನ್ನು ಮಸಾಶಿ ಯನಗಿಸಾವ ತೋರಿಸಿದರು. 2000ದಲ್ಲಿ ಮನುಷ್ಯರ ಸರದಿ. ಮೆದುಳಿನಲ್ಲಿ ಸುಮಾರು 70,000 ಕೋಶಗಳು ಮಾತ್ರ ಈ ರಾಸಾಯನಿಕವನ್ನು ತಯಾರಿಸುತ್ತವೆ. ಕೆಟಪ್ಲೆಕ್ಸಿಯುಳ್ಳ ರೋಗಿಗಳಲ್ಲಿ ಅವುಗಳಲ್ಲಿ ಬಹುಪಾಲು ನಾಶವಾಗಿದ್ದವು. ಸೋಮಾರಿತನದ ವಾದಕ್ಕೆ ಅಲ್ಲಿಗೆ ತೆರೆ ಬಿದ್ದಿತು, ಗೆಲಿನೋ ಹೆಸರಿಟ್ಟ 120 ವರ್ಷಗಳ ನಂತರ.

ಈ ದೇಶದ ಹಳಬರಿಗೆ ಇನ್ನೊಂದು ಸಂಗತಿ ಹೊಳೆಯಬಹುದು. ಬರ್ ದುಬೈ, ದೇರಾಗಳ ಅಂಗಡಿಗಳಲ್ಲಿ, ನಮ್ಮ ಉಡುಪಿ ಹೋಟೆಲುಗಳಲ್ಲಿ ದುಡಿದವರಿಗೆ 'ಬ್ರೇಕ್ ಡ್ಯೂಟಿ' ಗೊತ್ತು: ಮಧ್ಯಾಹ್ನ ಒಂದಕ್ಕೆ ಬಾಗಿಲು ಎಳೆದು, ಕೋಣೆಗೆ ಹೋಗಿ ಉಂಡು ಮಲಗಿ, ನಾಲ್ಕಕ್ಕೆ ಮತ್ತೆ ತೆರೆಯುವುದು. ನಿಗದಿಯಾದ ಹಗಲು ನಿದ್ದೆ ನಾರ್ಕೊಲೆಪ್ಸಿಯ ಚಿಕಿತ್ಸೆಯ ಒಂದು ಭಾಗವೆಂದು ಪುಸ್ತಕಗಳು ಹೇಳುತ್ತವೆ. ಆ ಪದ್ಧತಿಯಲ್ಲಿ ಈ ಕಾಯಿಲೆಯವನೊಬ್ಬ ಯಾರಿಗೂ ತಿಳಿಯದಂತೆ ಜೀವನವಿಡೀ ಕೆಲಸ ಮಾಡಿರಬಹುದು. ಹವಾನಿಯಂತ್ರಿತ ಕಚೇರಿಯ ಎಡೆಬಿಡದ ಒಂಬತ್ತು ಗಂಟೆಗಳಲ್ಲಿ ಅವನೇ ಸಿಕ್ಕಿಬೀಳುತ್ತಾನೆ. ಬಿಸಿಲಿನ ದೇಶದ ವಿವೇಕವೊಂದನ್ನು ನಾವು ಏಸಿ ಬಂದೊಡನೆ ಕೈಬಿಟ್ಟೆವೇನೋ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ನಿದ್ದೆಯ ದೂರು ಹೇಳಿ ನಮ್ಮ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ನಾರ್ಕೊಲೆಪ್ಸಿಯಲ್ಲ, ನಿದ್ದೆಯ ಕೊರತೆ. ಶಾರ್ಜಾದ ಟ್ರಾಫಿಕ್‌ಗೆ ಹೆದರಿ ನಾಲ್ಕೂವರೆಗೆ ಏಳುವವನು ಹನ್ನೊಂದೂವರೆಗೆ ಮಲಗಿದರೆ ಹಗಲು ತೂಕಡಿಸದೆ ಇನ್ನೇನು ಮಾಡಿಯಾನು? ಗೊರಕೆಯೊಡನೆ ಉಸಿರು ಕಟ್ಟುವ ತೊಂದರೆ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವನ್ನೂ ಮೊದಲು ನೋಡಬೇಕು. ಒಂದೆರಡು ವಾರ ನಿದ್ದೆಯ ದಿನಚರಿ ಬರೆದಿಟ್ಟ ಮೇಲೆ, ರಾತ್ರಿಯಿಡೀ ಪ್ರಯೋಗಾಲಯದಲ್ಲಿ ಮಲಗಿಸಿ, ಮರುದಿನ ಎರಡೆರಡು ಗಂಟೆಗೊಮ್ಮೆ ಐದು ಸಲ ಕಿರುನಿದ್ದೆಗೆ ಅವಕಾಶ ಕೊಟ್ಟು ಅಳೆಯುವುದು ಖಚಿತ ಪರೀಕ್ಷೆ. ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಬಂದು, ಎರಡು ಸಲವಾದರೂ ನೇರವಾಗಿ ಕನಸಿನ ನಿದ್ದೆಗೆ ಜಾರಿದರೆ ನಾರ್ಕೊಲೆಪ್ಸಿಯ ಪರವಾಗಿ ಬಲವಾದ ಸಾಕ್ಷ್ಯ. ಪರೀಕ್ಷೆಗೆ ಮುನ್ನ ವಿಮೆಯ ಕಂಪನಿಯ ಒಪ್ಪಿಗೆಯನ್ನು ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಎಚ್ಚರವನ್ನು ಕೊಡುವ ಔಷಧಿಗಳಲ್ಲಿ ಮಿಥೈಲ್‌ಫೆನಿಡೇಟ್‌ನಂಥವು ಈ ದೇಶದಲ್ಲಿ ನಿಯಂತ್ರಿತ ಔಷಧಿಗಳು. ಮಂಗಳೂರಿನಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ಹಪ್ಪಳ ಉಪ್ಪಿನಕಾಯಿಯ ಜೊತೆ ಇಂತಹ ಮಾತ್ರೆಗಳನ್ನು ತರಿಸಬೇಡಿ. ವೈದ್ಯರ ಚೀಟಿ ಮತ್ತು ವರದಿಯೊಡನೆ ಸರಕಾರದ ಅನುಮತಿಯನ್ನು ಪ್ರಯಾಣಕ್ಕೆ ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ಕಾಯಿಲೆ ಹತೋಟಿಗೆ ಬಂದಿದೆಯೆಂದು ವೈದ್ಯರು ಹೇಳುವವರೆಗೆ ಶೇಖ್ ಜಾಯೆದ್ ರಸ್ತೆಯಲ್ಲಿ ಕಾರು ಓಡಿಸುವ ಯೋಚನೆಯೂ ಬೇಡ.

ಹುಡುಗನ ಪರೀಕ್ಷೆಯ ಫಲಿತಾಂಶ ಸ್ಪಷ್ಟವಾಗಿಯೇ ಬಂದಿತು. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇಷ್ಟನ್ನು ಬರೆದಿದ್ದೇವೆ. ಈಗ ಅವರ ಮನೆಯಲ್ಲಿ ಬೆಳಗಾಗುವುದು ಎರಡು ಕಂತುಗಳಲ್ಲಿ. ತಜ್ಞರು ಹೇಳಿಕೊಟ್ಟಂತೆ ತಾಯಿ ನಾಲ್ಕೂ ಮುಕ್ಕಾಲಿಗೆ ಎಬ್ಬಿಸಿ ಮಾತ್ರೆ, ನೀರು ಕೊಟ್ಟು ಮತ್ತೆ ಮಲಗಲು ಬಿಡುತ್ತಾರೆ. ಐದೂವರೆಗೆ ಪರದೆ ಸರಿಸಿ ದೀಪ ಹಾಕುವ ಹೊತ್ತಿಗೆ ಔಷಧಿ ತನ್ನ ಕೆಲಸ ಶುರು ಮಾಡಿರುತ್ತದೆ. ಶಾಲೆಯಲ್ಲಿ ನರ್ಸ್ ಕೋಣೆಯ ಹಾಸಿಗೆ ಮಧ್ಯಾಹ್ನ ಇಪ್ಪತ್ತು ನಿಮಿಷ ಅವನದು. ತಂದೆ ಮುಸಫ್ಫಾದಿಂದ ದಿನವೂ ಐದೂ ನಲವತ್ತಕ್ಕೆ ಫೋನ್ ಮಾಡುತ್ತಾರೆ. ಎದ್ದೆಯಾ ಎಂದು ಕೇಳುವುದಿಲ್ಲ, ಹಿಂದಿನ ರಾತ್ರಿಯ ಕ್ರಿಕೆಟ್ ಸ್ಕೋರ್ ಹೇಳುತ್ತಾರೆ.