ಗತಪ್ರತ್ಯಾಗತ ಸಂಖ್ಯೆ

ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕಿಗಳ ಸಾಲು ಬದಲಾಗದ ಸಂಖ್ಯೆ. ಪ್ಯಾಲಿಂಡ್ರೋಮ್ ಸಂಖ್ಯೆ ಎಂದೂ ಕರೆಯುತ್ತಾರೆ. 77, 353, 2002, 15951 ಇದಕ್ಕೆ ಉದಾಹರಣೆಗಳು. ಅಕ್ಷರಗಳಲ್ಲಿ ‘ವಿಕಟಕವಿ’ ಹೇಗೋ ಅಂಕಿಗಳಲ್ಲಿ ಇವು ಹಾಗೆ.

ಇಂಥ ಸಂಖ್ಯೆಗಳನ್ನು ಎಣಿಸಲು ಒಂದೊಂದನ್ನೂ ಬರೆದು ನೋಡಬೇಕಾಗಿಲ್ಲ. ಮೊದಲರ್ಧ ಗೊತ್ತಾದರೆ ಉಳಿದರ್ಧ ತಾನಾಗಿಯೇ ನಿಶ್ಚಯವಾಗುತ್ತದೆ. ಎಣಿಸಬೇಕಾದದ್ದು ಮೊದಲರ್ಧವನ್ನು ಮಾತ್ರ. ಐದಂಕಿ ಸಂಖ್ಯೆಯ ಮೊದಲ ಸ್ಥಾನಕ್ಕೆ ಸೊನ್ನೆ ಬರುವಂತಿಲ್ಲ, ಆದ್ದರಿಂದ ಅಲ್ಲಿ 9 ಆಯ್ಕೆ. ಎರಡನೆಯದಕ್ಕೆ 10, ನಡುವಿನದಕ್ಕೆ 10. ಒಟ್ಟು 900. ಆರಂಕಿಗೂ ಅಷ್ಟೇ, ಏಕೆಂದರೆ ಅಲ್ಲಿಯೂ ನಮ್ಮ ಕೈಯಲ್ಲಿರುವುದು ಮೂರೇ ಸ್ಥಾನ. ಮೂರಂಕಿ, ನಾಲ್ಕಂಕಿಗಳಲ್ಲಿ ತೊಂಬತ್ತು ತೊಂಬತ್ತು. ಒಂದಂಕಿ, ಎರಡಂಕಿಗಳಲ್ಲಿ ಒಂಬತ್ತೊಂಬತ್ತು. ಹೀಗೆ 1ರಿಂದ ಹತ್ತು ಲಕ್ಷದೊಳಗೆ 1,998 ಸಿಗುತ್ತವೆ.

ಸಮಸಂಖ್ಯೆಯ ಅಂಕಿಗಳುಳ್ಳ ಗತಪ್ರತ್ಯಾಗತವೆಲ್ಲ 11ರಿಂದ ಭಾಗವಾಗುತ್ತದೆ. 2002ನ್ನು 11ರಿಂದ ಭಾಗಿಸಿದರೆ 182. ಈ ಗುಂಪಿನಲ್ಲಿ 11ನ್ನು ಬಿಟ್ಟರೆ ಬೇರೆ ಅವಿಭಾಜ್ಯ ಸಂಖ್ಯೆಯೇ ಇಲ್ಲ.

ಕನ್ನಡನಾಡಿಗೆ ಈ ವಿಷಯ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ ಇಂಥ ಗುಣಲಬ್ಧಗಳು ಬರುತ್ತವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ 12345654321 ಅಲ್ಲಿದೆ. ಅದು 111111ರ ವರ್ಗ. ಮಣಿಗಳನ್ನು ಎರಡೂ ಕಡೆ ಸಮನಾಗಿ ಪೋಣಿಸಿದಂತಿರುವ ಇಂಥ ಉತ್ತರಗಳನ್ನು ಆಚಾರ್ಯ ಕಂಠಾಭರಣಕ್ಕೆ ಹೋಲಿಸುತ್ತಾನೆ. ಮಗ್ಗಿಯ ಅಭ್ಯಾಸವನ್ನು ಇಷ್ಟು ಚೆಲುವಾಗಿಸಿದ ಪಾಠ ಅಪರೂಪ.

ಒಂದು ಸಂಖ್ಯೆಯನ್ನು ತಿರುಗಿಸಿ ಅದಕ್ಕೇ ಕೂಡುತ್ತಾ ಹೋಗುವುದು ಇನ್ನೊಂದು ಆಟ. 87ರಿಂದ ಹೊರಟರೆ 165, 726, 1353, ಕೊನೆಗೆ 4884. ಪಕ್ಕದ 89 ಮಾತ್ರ 24 ಹೆಜ್ಜೆ ನಡೆಸಿ 8813200023188ಕ್ಕೆ ಮುಟ್ಟಿಸುತ್ತದೆ. 196ರಿಂದ ಹೊರಟವರು ಕಂಪ್ಯೂಟರಿನ ನೆರವಿದ್ದೂ ಇನ್ನೂ ದಡ ಸೇರಿಲ್ಲ. ಸೇರಲಾಗದೆಂಬುದಕ್ಕೂ ಸಾಧನೆ ದೊರೆತಿಲ್ಲ.

ಅಂಕಿಗಳ ಜೋಡಣೆಯ ಗಣಿತಕ್ಕೆ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ (1150) ಇಟ್ಟ ಹೆಸರು ಅಂಕಪಾಶ. 2ರಿಂದ 9ರವರೆಗಿನ ಎಂಟು ಅಂಕಿಗಳನ್ನು 40,320 ಬಗೆಯಲ್ಲಿ ಜೋಡಿಸಬಹುದೆಂದು ಅಲ್ಲಿ ಲೆಕ್ಕವಿದೆ. ಅಂಕಿಗಳು ಮರುಕಳಿಸಿದಾಗ ಎಣಿಕೆ ತಗ್ಗುತ್ತದೆ: 2, 2, 1, 1ರಿಂದ ಆಗುವುದು ಆರೇ ಸಂಖ್ಯೆ. ಅವುಗಳ ಮೊತ್ತಕ್ಕೆ ಅವನ ಸೂತ್ರ ಹೀಗಿದೆ: ಅಂಕಿಗಳ ಮೊತ್ತ 6ನ್ನು ಸಂಖ್ಯೆಗಳ ಎಣಿಕೆ 6ರಿಂದ ಗುಣಿಸಿ, ಸ್ಥಾನಗಳ ಎಣಿಕೆ 4ರಿಂದ ಭಾಗಿಸಿ, ಬಂದ 9ನ್ನು ಪ್ರತಿ ಸ್ಥಾನದಲ್ಲೂ ಇಟ್ಟು ಕೂಡಬೇಕು. ಉತ್ತರ 9999. ಆ ಆರರಲ್ಲಿ ಗತಪ್ರತ್ಯಾಗತಗಳು ಎರಡು, 1221 ಮತ್ತು 2112. ಅವುಗಳ ಮೊತ್ತ 3333.